ಇಂಗಿನ ಡಬ್ಬಿ ಮತ್ತು ಚಾಟ್‌ಬಾಟ್ ಕೊಟ್ಟ ಪಟ್ಟಿ



ವೆಲ್ಡ್‌ಹೋವನ್ ಎಂಬ ಊರಿನ ಹೆಸರು ಹೊಸದು ಅನ್ನುವವರಿಗೆ ಎರಡು ಮಾತು. ನೆದರ್ಲ್ಯಾಂಡ್ಸ್‌ನ ದಕ್ಷಿಣದಲ್ಲಿ, ಐಂಡ್‌ಹೋವನ್‌ಗೆ ಅಂಟಿಕೊಂಡಂತೆ ಇರುವ ಊರು ಇದು. ಚಿಪ್ ತಯಾರಿಸುವ ಯಂತ್ರಗಳನ್ನು ಮಾಡುವ ಎಎಸ್‌ಎಂಎಲ್ ಕಂಪನಿಯ ಮುಖ್ಯ ಕಚೇರಿ ಇಲ್ಲೇ ಇದೆ. ಆ ಕಂಪನಿಯನ್ನೂ ಅದರ ಸುತ್ತ ಬೆಳೆದ ನೂರಾರು ಸಣ್ಣಪುಟ್ಟ ಕಂಪನಿಗಳನ್ನೂ ನಂಬಿಕೊಂಡು ಬಂದವರು ನಾವು. ಶನಿವಾರ ಬೆಳಗ್ಗೆ ಇಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ ಸುಮ್ಮನೆ ನಿಂತರೆ ಸಾಕು, "ಕೊತ್ತಂಬರಿ ಸೊಪ್ಪು ತಗೊಂಡ್ರಾ?" ಎಂಬ ಮಾತು ಕಿವಿಗೆ ಬೀಳುತ್ತದೆ. ಇವತ್ತು ಮಾತಾಡಬೇಕೆಂದಿರುವುದು ನಿಮ್ಮ ಜೊತೆ. ಇಲ್ಲೇ ಹುಟ್ಟಿದವರು ಅಥವಾ ಚಿಕ್ಕಂದಿನಲ್ಲೇ ಬಂದು ಇಲ್ಲೇ ಓದಿದವರು, ಈಗ ಮೊದಲ ಸ್ಟಾಝ್ ಅಥವಾ ಮೊದಲ ಕೆಲಸಕ್ಕೆ ಕಾಲಿಡುತ್ತಿರುವವರು ನೀವು. ನಿಮ್ಮಲ್ಲಿ ಅರ್ಧ ಜನ ನನ್ನನ್ನು ಅಂಕಲ್ ಎಂದು ಕರೆಯುವವರೇ. ಆದ್ದರಿಂದ ಶುರುವಿನಲ್ಲೇ ನನ್ನ ಮನೆಯ ತಪ್ಪೊಂದನ್ನು ಹೇಳಿಬಿಡುತ್ತೇನೆ.

ನನ್ನ ಹೆಂಡತಿ ಚಿಕ್ಕದಾಗಿ ಕೇಟರಿಂಗ್ ನಡೆಸುತ್ತಾಳೆ. ವ್ಯಾಪಾರ ನೋಂದಣಿ ಆಗಿದೆ, ಆಹಾರ ಇಲಾಖೆಗೆ ತಿಳಿಸಿದ್ದೂ ಆಗಿದೆ, ಎಲ್ಲ ಸರಿಯಾಗಿಯೇ ಇದೆ. ಕಳೆದ ದೀಪಾವಳಿಗೆ ಹತ್ತಿರದ ಕಚೇರಿಯೊಂದರಿಂದ ನಲವತ್ತು ಜನರ ಊಟಕ್ಕೆ ಆರ್ಡರ್ ಬಂತು. ಬಿಸಿಬೇಳೆ ಬಾತ್, ಕೋಸಂಬರಿ, ಹೋಳಿಗೆ, ಮೊಸರನ್ನ. ಡಚ್ ಭಾಷೆಯಲ್ಲಿ ಮೆನು ಕಾರ್ಡ್ ಬೇಕು, ಅಲರ್ಜಿ ಮಾಹಿತಿಯೂ ಇರಲಿ ಎಂದು ಅವರು ಕೇಳಿದರು. ನಮ್ಮ ಮಗಳಿಗೆ ಹದಿನೇಳು. "ಅಮ್ಮ, ಎರಡು ನಿಮಿಷ" ಎಂದು ಲ್ಯಾಪ್‌ಟಾಪ್ ತೆರೆದಳು. ನಾಲ್ಕು ತಿಂಡಿಗಳ ಹೆಸರು ಹಾಕಿ ಚಾಟ್‌ಬಾಟ್‌ಗೆ ಕೇಳಿದಳು. ನಿಜಕ್ಕೂ ಎರಡೇ ನಿಮಿಷದಲ್ಲಿ ಚಂದದ ಡಚ್‌ನಲ್ಲಿ, ನಮ್ಮ ಮನೆಯಲ್ಲಿ ಯಾರಿಗೂ ಬರೆಯಲು ಬಾರದಷ್ಟು ನಯವಾದ ಡಚ್‌ನಲ್ಲಿ, ಮೆನು ಸಿದ್ಧವಾಯಿತು. ಬಿಸಿಬೇಳೆ ಬಾತ್ ಎದುರಿಗೆ ಅಕ್ಕಿ, ತೊಗರಿಬೇಳೆ, ತರಕಾರಿ, ತುಪ್ಪ, ಗೋಡಂಬಿ ಎಂದಿತ್ತು. ಅದರ ಪಕ್ಕದಲ್ಲಿ ಗೋಧಿಯ ತೆನೆಗೆ ಅಡ್ಡಗೆರೆ ಎಳೆದ ಚಿತ್ರ, ಕೆಳಗೆ ಗ್ಲುಟನ್ ಇಲ್ಲ ಎಂಬ ಬರಹ.

ನಾನು ಕಾರ್ಡ್ ನೋಡಿದೆ. ನೋಡಿ ಏನು ಹೇಳಿದೆ ಗೊತ್ತೇ? "ಅಕ್ಷರ ಸ್ವಲ್ಪ ದೊಡ್ಡದು ಮಾಡು." ಅಷ್ಟೇ.

ಊಟದ ದಿನ ಬಡಿಸುವುದಕ್ಕೆ ಮುಂಚೆ ಒಬ್ಬ ಡಚ್ ಹೆಂಗಸು ಬಂದು ನನ್ನ ಹೆಂಡತಿಯನ್ನು ಕೇಳಿದರು. ಅವರಿಗೆ ಸೀಲಿಯಾಕ್ ಕಾಯಿಲೆ, ಗೋಧಿಯ ಒಂದು ಚೂರು ಹೊಟ್ಟೆಗೆ ಹೋದರೂ ಕರುಳಿಗೆ ಪೆಟ್ಟು. "ಕಾರ್ಡ್‌ನಲ್ಲಿ ಗ್ಲುಟನ್ ಇಲ್ಲ ಅಂತಿದೆ. ಆದರೂ ಕೇಳುತ್ತೇನೆ, ಒಗ್ಗರಣೆಗೆ ಏನೇನು ಹಾಕಿದ್ದೀರಿ?" ನನ್ನ ಹೆಂಡತಿ ಬೆರಳು ಮಡಿಸುತ್ತಾ ಹೇಳತೊಡಗಿದಳು: ತುಪ್ಪ, ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ, ಇಂಗು. ಇಂಗು ಎಂದ ಕೂಡಲೇ ಅವಳೇ ನಿಂತಳು. ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿ ಬರೀ ಇಂಗಲ್ಲ. ಬಹಳಷ್ಟು ಬ್ರಾಂಡ್‌ಗಳಲ್ಲಿ ಅದನ್ನು ಗೋಧಿ ಹಿಟ್ಟಿನ ಜೊತೆ ಬೆರೆಸಿರುತ್ತಾರೆ. ನಮ್ಮ ಡಬ್ಬಿಯ ಹಿಂದೆಯೂ ಹಾಗೇ ಬರೆದಿತ್ತು. ಆ ಹೆಂಗಸು ಅವತ್ತು ಮೊಸರನ್ನವನ್ನೂ ಮುಟ್ಟಲಿಲ್ಲ, ಅದರಲ್ಲೂ ಅದೇ ಒಗ್ಗರಣೆ. ಒಂದು ಬಾಳೆಹಣ್ಣು ತಿಂದು, ನಗುತ್ತಲೇ ಹೋದರು. ನಮಗೆ ಮಾತ್ರ ನಗು ಬರಲಿಲ್ಲ.

ಸಾಸಿವೆಯೂ ಕಾರ್ಡ್‌ನಲ್ಲಿ ಇರಲಿಲ್ಲ. ಯುರೋಪಿನ ಕಾನೂನಿನಲ್ಲಿ ಕಡ್ಡಾಯವಾಗಿ ತಿಳಿಸಬೇಕಾದ ಅಲರ್ಜಿ ಪದಾರ್ಥಗಳು 14. ಗ್ಲುಟನ್ ಇರುವ ಧಾನ್ಯ, ಹಾಲು, ಗೋಡಂಬಿಯಂಥ ಬೀಜಗಳು, ಎಳ್ಳು, ಕಡಲೆಕಾಯಿ ಜೊತೆಗೆ ಸಾಸಿವೆಯೂ ಅದರಲ್ಲಿ ಒಂದು. ಸಾಸಿವೆ ಇಲ್ಲದ ಕನ್ನಡದ ಅಡುಗೆಮನೆ ಎಲ್ಲಿದೆ ಹೇಳಿ? ಇನ್ನು 'ಗ್ಲುಟನ್ ಇಲ್ಲ' ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಬಾರದು ಎಂದು ನಿಯಮವಿದೆ. ಅದು ಬಾಯಿಗೆ ಬಂದಂತೆ ಬರೆಯುವ ಮಾತೇ ಅಲ್ಲ.

ಆ ರಾತ್ರಿ ಮಗಳು ಕೇಳಿದಳು, "ಅಪ್ಪ, ಏನಾದರೂ ಆಗಿದ್ದರೆ ತಪ್ಪು ಯಾರದ್ದು? ಚಾಟ್‌ಬಾಟ್ ಕಂಪನಿಯದ್ದಾ?" ಇವತ್ತಿನ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ.

ಉತ್ತರ ನೇರವಾಗಿದೆ. ಆಹಾರ ಮಾರುವವರು ಅವಳ ಅಮ್ಮ, ಮಾಹಿತಿ ಸರಿಯಿರಬೇಕಾದ ಹೊಣೆಯೂ ಅವಳ ಅಮ್ಮನದೇ. ಕಾರ್ಡ್ ಬರೆದದ್ದು ಮಗಳೋ ಯಂತ್ರವೋ ಪಕ್ಕದ ಮನೆಯವರೋ, ಗಿರಾಕಿಗೆ ಅದು ಸಂಬಂಧವಿಲ್ಲ. ಇದನ್ನು ಅತ್ಯಂತ ಚೆನ್ನಾಗಿ ತಿಳಿಸುವ ಪ್ರಕರಣ ಕೆನಡಾದ್ದು. ಅಜ್ಜಿ ತೀರಿಕೊಂಡಾಗ ಒಬ್ಬರು ಏರ್ ಕೆನಡಾ ವೆಬ್‌ಸೈಟ್‌ನ ಚಾಟ್‌ಬಾಟ್‌ನಲ್ಲಿ ವಿಚಾರಿಸಿದರು. ಸಾವಿನ ಸಂದರ್ಭದಲ್ಲಿ ಕೊಡುವ ರಿಯಾಯಿತಿಯನ್ನು ಪ್ರಯಾಣ ಮುಗಿದ ಮೇಲೂ ಕೇಳಬಹುದು ಎಂದು ಅದು ಹೇಳಿತು. ಕಂಪನಿಯ ನಿಜವಾದ ನಿಯಮ ಹಾಗಿರಲಿಲ್ಲ. ಜಗಳ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಹೋಯಿತು. ಅಲ್ಲಿ ಕಂಪನಿ ಹೂಡಿದ ವಾದ ಕೇಳಿ: ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆಯಾದ ಬೇರೊಂದು ಕಾನೂನು ವ್ಯಕ್ತಿಯಂತೆ! ನ್ಯಾಯಮಂಡಳಿ ಒಪ್ಪಲಿಲ್ಲ. 2024ರ ಫೆಬ್ರವರಿಯಲ್ಲಿ ತೀರ್ಪು ಬಂತು. ವೆಬ್‌ಸೈಟ್‌ನಲ್ಲಿರುವ ಎಲ್ಲ ಮಾಹಿತಿಗೂ ಕಂಪನಿಯೇ ಹೊಣೆ, ಅದು ಪುಟದ ಬರಹವಾದರೇನು, ಚಾಟ್‌ಬಾಟ್‌ನ ಮಾತಾದರೇನು. ಮೊತ್ತ ದೊಡ್ಡದಲ್ಲ, ಬಡ್ಡಿ ಶುಲ್ಕ ಎಲ್ಲ ಸೇರಿ ಸುಮಾರು 812 ಕೆನಡಾ ಡಾಲರ್. ಆದರೆ ಆ ಒಂದು ಸಾಲು ಈಗ ಎಲ್ಲ ದೇಶದ ವಕೀಲರ ಬಾಯಲ್ಲೂ ಇದೆ.

ನಮ್ಮ ದೇಶದ್ದೇ, ಅಂದರೆ ಈ ದೇಶದ್ದೇ, ಇನ್ನೊಂದು ಕಥೆ ಇದೆ. ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಝ್ವೊಲ್ಲೆ ಊರಿನ ಒಂದು ಮದುವೆ, 2025ರ ಏಪ್ರಿಲ್. ಇಲ್ಲಿ ಗೆಳೆಯರೊಬ್ಬರು ಒಂದು ದಿನದ ಮಟ್ಟಿಗೆ ಮದುವೆ ಅಧಿಕಾರಿಯಾಗಿ ನಿಂತು ಮದುವೆ ಮಾಡಿಸಬಹುದು, ನಿಮಗೆ ಗೊತ್ತೇ ಇರುತ್ತದೆ. ಹಾಗೆ ನಿಂತವರು ತಮ್ಮ ಭಾಷಣವನ್ನು ಚಾಟ್‌ಜಿಪಿಟಿ ಸಹಾಯದಿಂದ ಬರೆಸಿದ್ದರು. ಪ್ರೀತಿ, ನಗು, ಜೊತೆಯಾಗಿ ನಡೆಯುವುದು ಎಲ್ಲ ಇತ್ತು. ಡಚ್ ಕಾನೂನು ಕೇಳುವ ಒಂದು ಘೋಷಣೆ ಮಾತ್ರ ಇರಲಿಲ್ಲ. ಒಬ್ಬರನ್ನೊಬ್ಬರು ಪತಿಪತ್ನಿಯಾಗಿ ಸ್ವೀಕರಿಸುತ್ತೇವೆ, ವಿವಾಹಕ್ಕೆ ಕಾನೂನು ಕಟ್ಟಿದ ಕರ್ತವ್ಯಗಳನ್ನು ನಿಷ್ಠೆಯಿಂದ ನೆರವೇರಿಸುತ್ತೇವೆ ಎನ್ನುವ ಮಾತು. 2026ರ ಜನವರಿಯಲ್ಲಿ ನ್ಯಾಯಾಲಯ ಆ ಮದುವೆ ಆಗಿಯೇ ಇಲ್ಲ ಎಂದಿತು. ಕನಿಷ್ಠ ದಿನಾಂಕವನ್ನಾದರೂ ಉಳಿಸಿಕೊಡಿ ಎಂದು ಆ ಜೋಡಿ ಕೇಳಿಕೊಂಡರೂ ಆಗಲಿಲ್ಲ. ನಮ್ಮಲ್ಲೂ ಅಷ್ಟೇ ಅಲ್ಲವೇ? 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಪ್ರಕಾರ, ಸಪ್ತಪದಿ ಇರುವ ಸಂಪ್ರದಾಯದಲ್ಲಿ ಏಳನೇ ಹೆಜ್ಜೆ ಇಟ್ಟಾಗಲೇ ಮದುವೆ ಪೂರ್ತಿಯಾಗುವುದು. ಆರು ಹೆಜ್ಜೆ ಇಟ್ಟು ವಿಡಿಯೋದವನು ಚೆನ್ನಾಗಿ ಬಂತು ಎಂದರೆ ಆಗುವುದಿಲ್ಲ. ಓದುವುದಕ್ಕೆ ಚೆನ್ನಾಗಿರುವುದು ಒಂದು, ಕಾನೂನಿಗೆ ಬೇಕಾದ ಮಾತು ಅದರೊಳಗೆ ಇರುವುದು ಇನ್ನೊಂದು. ಇಂಥ ಯಂತ್ರಗಳು ಮೊದಲನೆಯದರಲ್ಲಿ ಪಳಗಿವೆ. ಎರಡನೆಯದನ್ನು ಬಲ್ಲವರೊಬ್ಬರು ಕೂತು ನೋಡಲೇಬೇಕು.

ಈಗ ಕಚೇರಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮಲ್ಲಿ ಯಾರಾದರೂ ಮೊದಲ ವಾರದಲ್ಲೇ ಎಡವುವ ಜಾಗ ಇದೇ.

2025ರ ಡಿಸೆಂಬರ್‌ನಲ್ಲಿ ನಮ್ಮ ಪಕ್ಕದ ಐಂಡ್‌ಹೋವನ್ ನಗರಸಭೆ ತಾನಾಗಿಯೇ ಒಂದು ಸುದ್ದಿ ಹೊರಹಾಕಿತು. ಅದರ ನೌಕರರು ಚಾಟ್‌ಜಿಪಿಟಿಯಂಥ ಸಾರ್ವಜನಿಕ ಎಐ ತಾಣಗಳಿಗೆ ಫೈಲುಗಳನ್ನು ಏರಿಸಿದ್ದರು. ಆ ಫೈಲುಗಳಲ್ಲಿ ನಿವಾಸಿಗಳ ಮತ್ತು ನೌಕರರ ಖಾಸಗಿ ಮಾಹಿತಿ ಇತ್ತು. ಕೆಲವು ಮಕ್ಕಳ ಆರೈಕೆಗೆ ಸಂಬಂಧಿಸಿದ ಕಡತಗಳು, ಕೆಲವು ಕೆಲಸಕ್ಕೆ ಅರ್ಜಿ ಹಾಕಿದವರ ಸಿವಿಗಳು. ಮಕ್ಕಳ ಆರೈಕೆಯ ಕಡತ ಎಂದರೆ ಏನಿರುತ್ತದೆ ಯೋಚಿಸಿ. ಯಾವ ಮನೆಯಲ್ಲಿ ಏನು ಕಷ್ಟ, ಯಾವ ಮಗುವಿಗೆ ಏನು ತೊಂದರೆ, ಎಲ್ಲವೂ. ಆ ನೌಕರರು ಕದ್ದು ಮಾರಲು ಹೊರಟವರಾಗಿರಲಾರರು. ಉದ್ದದ ವರದಿಯನ್ನು ಚಿಕ್ಕದು ಮಾಡಿಕೊಡು, ಈ ಪತ್ರವನ್ನು ಸರಳ ಡಚ್‌ಗೆ ತಿರುಗಿಸು ಎಂದು ಕೇಳಿರಬಹುದು. ನೀವು ಕಾಲೇಜಿನಲ್ಲಿ ದಿನಕ್ಕೆ ಹತ್ತು ಸಲ ಮಾಡುವುದನ್ನೇ ಅವರು ಮಾಡಿದ್ದು. ನಗರಸಭೆ ಆ ತಾಣಗಳನ್ನು ಕಚೇರಿಯ ಕಂಪ್ಯೂಟರ್‌ಗಳಲ್ಲಿ ಮುಚ್ಚಿತು. ತನ್ನದೇ ಸುರಕ್ಷಿತ ವ್ಯವಸ್ಥೆಯೊಳಗಿನ ಕೋಪೈಲಟ್ ಮಾತ್ರ ಬಳಸಬಹುದು ಎಂದಿತು. ವಿಷಯವನ್ನು ಖಾಸಗಿ ಮಾಹಿತಿ ರಕ್ಷಣೆಯ ಪ್ರಾಧಿಕಾರಕ್ಕೂ ವರದಿ ಮಾಡಿತು.

ಆ ಪ್ರಾಧಿಕಾರ, ಅಂದರೆ ಔಟೊರಿಟೈಟ್ ಪೆರ್ಸೂನ್ಸ್‌ಖೆಖೇವೆನ್ಸ್, ಅದಕ್ಕೂ ಒಂದು ವರ್ಷಕ್ಕಿಂತ ಮೊದಲೇ, 2024ರ ಆಗಸ್ಟ್‌ನಲ್ಲಿ, ಎಲ್ಲ ಸಂಸ್ಥೆಗಳನ್ನೂ ಎಚ್ಚರಿಸಿತ್ತು. ಒಂದು ವೈದ್ಯರ ಕ್ಲಿನಿಕ್‌ನ ನೌಕರರು ರೋಗಿಗಳ ವಿವರವನ್ನು ಚಾಟ್‌ಬಾಟ್‌ಗೆ ಹಾಕಿದ್ದು, ಒಂದು ಟೆಲಿಕಾಂ ಕಂಪನಿಯವರು ಗಿರಾಕಿಗಳ ವಿಳಾಸದ ಫೈಲ್ ಹಾಕಿದ್ದು, ಇವೆರಡನ್ನೂ ಅದು ಉದಾಹರಣೆಯಾಗಿ ಕೊಟ್ಟಿತ್ತು.

ಕಾನೂನು ಇದನ್ನು ಹೇಗೆ ನೋಡುತ್ತದೆ? ನೀವು ಅಂಟಿಸಿದ ಬರಹ ನಿಮ್ಮ ಪರದೆಯಲ್ಲೇ ಉಳಿಯುವುದಿಲ್ಲ. ಅದು ಬೇರೊಂದು ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಉಚಿತ ಖಾತೆಯಾದರೆ, ನೀವೇ ಹೋಗಿ ಬೇಡ ಎಂದು ಆಯ್ಕೆ ಮಾಡದಿದ್ದರೆ, ಮುಂದಿನ ಮಾದರಿಯನ್ನು ಕಲಿಸಲು ಬಳಕೆಯಾಗಲೂಬಹುದು. ಕಂಪನಿಯ ಖಾತೆಯಾದರೆ ಸಾಮಾನ್ಯವಾಗಿ ಎರಡೂ ಕಡೆಯವರ ನಡುವೆ ಒಪ್ಪಂದ ಇರುತ್ತದೆ: ಈ ಮಾಹಿತಿಯನ್ನು ನಮ್ಮ ಪರವಾಗಿ ಮಾತ್ರ ಬಳಸಬೇಕು, ಇಷ್ಟು ದಿನ ಇಡಬೇಕು, ಆಮೇಲೆ ಅಳಿಸಬೇಕು ಎಂದು. ಉಚಿತ ಖಾತೆಯಲ್ಲಿ ನಿಮ್ಮ ಕಂಪನಿಗೂ ಅವರಿಗೂ ಅಂಥ ಯಾವ ಒಪ್ಪಂದವೂ ಇಲ್ಲ. ಹಾಗಾಗಿ ಬೇರೆಯವರ ಹೆಸರು, ವಿಳಾಸ, ಆರೋಗ್ಯದ ವಿವರ ಅಲ್ಲಿಗೆ ಹೋದರೆ ಅದು ಮಾಹಿತಿ ಸೋರಿಕೆ. ಅಪಾಯವಿರುವ ಸೋರಿಕೆ ಗೊತ್ತಾದ 72 ಗಂಟೆಯೊಳಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಜಿಡಿಪಿಆರ್ ಪ್ರಕಾರ ದಂಡದ ಮೇಲ್ಮಿತಿ 2 ಕೋಟಿ ಯೂರೋ ಅಥವಾ ಜಗತ್ತಿನಾದ್ಯಂತದ ವಾರ್ಷಿಕ ವಹಿವಾಟಿನ ಶೇಕಡಾ 4, ಯಾವುದು ಹೆಚ್ಚೋ ಅದು. 72 ಗಂಟೆ ಎನ್ನುವುದನ್ನು ನೆನಪಿಡಿ. ಶುಕ್ರವಾರ ಮಧ್ಯಾಹ್ನ ತಪ್ಪು ಮಾಡಿ, ಸೋಮವಾರ ಸಂಜೆ ಮೆಲ್ಲಗೆ ಹೇಳೋಣ ಎಂದುಕೊಂಡರೆ ಮಧ್ಯದ ಶನಿವಾರ ಭಾನುವಾರವೂ ಲೆಕ್ಕಕ್ಕೆ ಬರುತ್ತವೆ.

ವೆಲ್ಡ್‌ಹೋವನ್‌ನಂಥ ಊರಿನಲ್ಲಿ ಇನ್ನೊಂದು ಬಗೆಯ ಮಾಹಿತಿ ಇದೆ, ಅದರಲ್ಲಿ ಯಾರ ಹೆಸರೂ ಇರುವುದಿಲ್ಲ. ಒಂದು ಬಿಡಿಭಾಗದ ಡ್ರಾಯಿಂಗ್, ಒಂದು ಅಳತೆ, ಎರಡು ನೂರು ಸಾಲು ಕೋಡ್. 2023ರ ವಸಂತದಲ್ಲಿ ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್‌ನಲ್ಲಿ ಹೀಗೇ ಆಯಿತು. ಚಿಪ್ ವಿಭಾಗದ ಎಂಜಿನಿಯರ್‌ಗಳು ಕೋಡ್‌ನಲ್ಲಿ ತಪ್ಪು ಹುಡುಕಲು, ಸಭೆಯ ಟಿಪ್ಪಣಿ ಮಾಡಿಸಲು ಚಾಟ್‌ಜಿಪಿಟಿಗೆ ಒಳಗಿನ ವಿಷಯ ಹಾಕಿದರು. ಮೇ ತಿಂಗಳಲ್ಲಿ ಕಂಪನಿ ಅಂಥ ಉಪಕರಣಗಳ ಬಳಕೆಯನ್ನೇ ನಿಲ್ಲಿಸಿತು. ನೆದರ್ಲ್ಯಾಂಡ್ಸ್‌ನಲ್ಲಿ 2018ರ ಅಕ್ಟೋಬರ್‌ನಿಂದ ವ್ಯಾಪಾರ ರಹಸ್ಯದ ಕಾಯ್ದೆ ಇದೆ. ಅದರಲ್ಲಿ ಒಂದು ಸೂಕ್ಷ್ಮವಿದೆ: ರಹಸ್ಯವನ್ನು ರಹಸ್ಯವಾಗಿ ಇಡಲು ನೀವು ತಕ್ಕ ಕ್ರಮ ತೆಗೆದುಕೊಂಡಿದ್ದರೆ ಮಾತ್ರ ಕಾನೂನು ಅದನ್ನು ರಹಸ್ಯ ಎಂದು ಕಾಯುತ್ತದೆ. ಮನೆಯ ಬಾಗಿಲು ತೆಗೆದಿಟ್ಟು ಕಳ್ಳನ ಮೇಲೆ ದೂರು ಕೊಡುವುದು ಕಷ್ಟ. ಸಣ್ಣ ಸರಬರಾಜು ಕಂಪನಿಯಲ್ಲಿ ಒಬ್ಬ ಸ್ಟಾಝ್ ಹುಡುಗ ಗಿರಾಕಿಯ ಡ್ರಾಯಿಂಗ್ ಅನ್ನು ತನ್ನ ಸ್ವಂತ ಖಾತೆಗೆ ಹಾಕಿದರೆ, ಆ ಗಿರಾಕಿ ಜೊತೆ ಮಾಡಿಕೊಂಡ ಗೌಪ್ಯತೆಯ ಒಪ್ಪಂದವೇ ಮುರಿದಂತೆ. ಆಮೇಲೆ ಆ ಗಿರಾಕಿ ಮತ್ತೆ ಆರ್ಡರ್ ಕೊಡದಿದ್ದರೆ ಅದಕ್ಕೆ ಯಾವ ನ್ಯಾಯಾಲಯದ ಅಗತ್ಯವೂ ಇಲ್ಲ.

ಹೀಗೆಂದ ಮಾತ್ರಕ್ಕೆ ಎಐ ಎಂದರೆ ದೂರ ಓಡಿ ಎನ್ನುತ್ತಿಲ್ಲ. ಎಎಸ್‌ಎಂಎಲ್ ಕಂಪನಿಯೇ 2025ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಮಿಸ್ಟ್ರಾಲ್ ಎಐ ಕಂಪನಿಯಲ್ಲಿ 130 ಕೋಟಿ ಯೂರೋ ಹೂಡಿತು. ನಮ್ಮೂರಿಗೂ ಈ ತಂತ್ರಜ್ಞಾನಕ್ಕೂ ನಂಟು ಗಟ್ಟಿಯಾಗುತ್ತಲೇ ಇದೆ. ನಾನೂ ದಿನವೂ ಬಳಸುತ್ತೇನೆ. ನನ್ನ ಡಚ್ ಇಮೇಲ್‌ಗಳಲ್ಲಿ 'ಡೆ' ಎಲ್ಲಿ, 'ಹೆಟ್' ಎಲ್ಲಿ ಎಂದು ಇಪ್ಪತ್ತು ವರ್ಷದಿಂದ ಒದ್ದಾಡಿದವನು ನಾನು, ಅದು ತಿದ್ದಿಕೊಡುವಾಗ ಬೇಡ ಎನ್ನುವುದುಂಟೇ?

ಬೆಂಗಳೂರಿನ ಸುದ್ದಿ ಕೇಳಿ. 2024ರ ಡಿಸೆಂಬರ್ 30ರಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಒಂದು ಟ್ರಸ್ಟ್‌ನ ತೆರಿಗೆ ವಿಚಾರದಲ್ಲಿ ಆದೇಶ ಕೊಟ್ಟಿತು. ಅದರಲ್ಲಿ ಸುಪ್ರೀಂ ಕೋರ್ಟ್ ಮತ್ತು ಮದ್ರಾಸ್ ಹೈಕೋರ್ಟ್ ತೀರ್ಪುಗಳನ್ನು ಆಧಾರವಾಗಿ ತೋರಿಸಲಾಗಿತ್ತು. ಹುಡುಕಿ ನೋಡಿದರೆ ಅಂಥ ತೀರ್ಪುಗಳೇ ಸಿಗಲಿಲ್ಲ! ಆದೇಶವನ್ನು ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಲಾಯಿತು. ಮೂರು ತಿಂಗಳೂ ಕಳೆದಿರಲಿಲ್ಲ, 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಇನ್ನೊಂದು ಪ್ರಕರಣ ಕಂಡಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಧೀಶರೊಬ್ಬರು ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಉಲ್ಲೇಖಿಸಿದ್ದರು. ವಿಷಯವನ್ನು ಮುಂದಿನ ಕ್ರಮಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಹೈಕೋರ್ಟ್ ಹೇಳಿತು. ಎರಡೂ ಸಲ ಎಲ್ಲರ ಬೆರಳು ಎಐ ಕಡೆಗೇ ತಿರುಗಿತು. ಅದರ ಮುಂದಿನ ಜುಲೈನಲ್ಲಿ ಪಕ್ಕದ ಕೇರಳ ಹೈಕೋರ್ಟ್ ತನ್ನ ಜಿಲ್ಲಾ ನ್ಯಾಯಾಲಯಗಳಿಗೆ ಎಐ ಬಳಕೆಯ ನಿಯಮಾವಳಿಯನ್ನೇ ತಂದಿತು, ತೀರ್ಮಾನ ಮಾಡಲು ಅದನ್ನು ಬಳಸಕೂಡದು ಎಂದು.

ದೊಡ್ಡ ಸಲಹಾ ಕಂಪನಿಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. ಆಸ್ಟ್ರೇಲಿಯಾ ಸರ್ಕಾರಕ್ಕೆ ಡೆಲಾಯ್ಟ್ ಬರೆದುಕೊಟ್ಟ ಸುಮಾರು 4 ಲಕ್ಷ 40 ಸಾವಿರ ಆಸ್ಟ್ರೇಲಿಯನ್ ಡಾಲರ್ ಬೆಲೆಯ ವರದಿಯಲ್ಲಿ ಇಲ್ಲದ ಗ್ರಂಥಗಳ ಉಲ್ಲೇಖ ಇತ್ತು, ನ್ಯಾಯಾಲಯದ ತೀರ್ಪಿನದು ಎಂದು ಕೊಟ್ಟ ಹುಸಿ ವಾಕ್ಯವೂ ಇತ್ತು. 2025ರ ಅಕ್ಟೋಬರ್‌ನಲ್ಲಿ ಕಂಪನಿ ಹಣದ ಒಂದು ಭಾಗ ವಾಪಸ್ ಕೊಡಲು ಒಪ್ಪಿತು.

ಯಾಕೆ ಹೀಗಾಗುತ್ತದೆ? ಈ ಮಾದರಿಗಳು ಕಪಾಟಿನಿಂದ ಪುಸ್ತಕ ತೆಗೆದು ಓದಿ ಹೇಳುವ ಗುಮಾಸ್ತರಲ್ಲ. ಇಂಥ ಮಾತಿನ ನಂತರ ಎಂಥ ಮಾತು ಬರುವ ಸಾಧ್ಯತೆ ಹೆಚ್ಚು ಎಂದು ಕೋಟಿಗಟ್ಟಲೆ ಬರಹಗಳಿಂದ ಕಲಿತು, ಒಂದೊಂದೇ ತುಣುಕು ಜೋಡಿಸುತ್ತಾ ಹೋಗುತ್ತವೆ. ತೀರ್ಪಿನ ಹೆಸರು ಹೇಗಿರುತ್ತದೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು: ಇವರ ವಿರುದ್ಧ ಇವರು, ಇಷ್ಟನೇ ಇಸವಿ, ಇಷ್ಟನೇ ಪುಟ. ಆ ಅಚ್ಚಿನಲ್ಲಿ ಹೊಸದೊಂದನ್ನು ಎರಕ ಹೊಯ್ದರೂ ಅದು ಅಸಲಿಯಂತೆಯೇ ಕಾಣುತ್ತದೆ. ಬಿಸಿಬೇಳೆ ಬಾತ್ ಎಂದೊಡನೆ ಅನ್ನ, ಬೇಳೆ, ತರಕಾರಿ ಬಂತು. ಆದರೆ ನಮ್ಮ ಕಪಾಟಿನ ಮೂಲೆಯಲ್ಲಿರುವ ಇಂಗಿನ ಡಬ್ಬಿಯ ಹಿಂದೆ ಏನು ಬರೆದಿದೆ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಮಗಳು ಹೇಳಿರಲಿಲ್ಲ, ಅದೂ ಕೇಳಲಿಲ್ಲ. ಗೊತ್ತಿಲ್ಲದಿದ್ದರೂ ಹೇಳುವ ದನಿಯಲ್ಲಿ ಮಾತ್ರ ಒಂದಿಷ್ಟೂ ಅಳುಕಿರಲಿಲ್ಲ. ನಮ್ಮೂರಿನಲ್ಲಿ ದಾರಿ ಕೇಳಿದರೆ ಗೊತ್ತಿಲ್ಲ ಎನ್ನಲು ನಾಚಿಕೊಂಡು ಯಾವುದೋ ಕಡೆ ಕೈ ತೋರಿಸುವ ಮಹಾನುಭಾವರಿದ್ದರಲ್ಲ, ಹಾಗೆ.

ಕನ್ನಡದ ವಿಷಯದಲ್ಲಂತೂ ಇನ್ನೂ ಹೆಚ್ಚು ಎಚ್ಚರ ಬೇಕು. 2025ರ ಜುಲೈ 14ರಂದು ನಟಿ ಬಿ. ಸರೋಜಾದೇವಿಯವರು ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಅಂತಿಮ ದರ್ಶನ ಪಡೆದ ಸುದ್ದಿಯನ್ನು ಕನ್ನಡದಲ್ಲಿ ಫೇಸ್‌ಬುಕ್‌ಗೆ ಹಾಕಲಾಯಿತು. ಮೆಟಾ ಕಂಪನಿಯ ತಾನೇತಾನಾಗಿ ನಡೆಯುವ ಇಂಗ್ಲಿಷ್ ಅನುವಾದ ಏನು ಮಾಡಿತು? ತೀರಿಕೊಂಡವರು ಮುಖ್ಯಮಂತ್ರಿಗಳೇ ಎನ್ನುವ ಅರ್ಥ ಬರುವಂತೆ ತಿರುಗಿಸಿತು! ಅವರ ಕಚೇರಿ ಮೆಟಾಗೆ ಪತ್ರ ಬರೆಯಿತು, ಕಂಪನಿ ಕ್ಷಮೆ ಕೇಳಿ ಸರಿಪಡಿಸಿತು. ನನ್ನ ಊಹೆ ಇಷ್ಟು: ಕನ್ನಡದಲ್ಲಿ "ನಿನ್ನೆ ನಿಧನರಾದ" ಎಂದರೆ ಅದು ಮುಂದೆ ಬರುವ ಹೆಸರಿಗೆ ಅಂಟಿಕೊಳ್ಳುತ್ತದೆ, ಹಿಂದೆ ಬಂದ ಹೆಸರಿಗಲ್ಲ. ನಿಮ್ಮ ಅಜ್ಜಿಯ ಜೊತೆ ಫೋನಿನಲ್ಲಿ ತೊದಲು ಕನ್ನಡ ಮಾತಾಡುವ ನಿಮಗೂ ಅದು ಯೋಚಿಸದೆಯೇ ತಿಳಿಯುತ್ತದೆ. ಯಂತ್ರ ಅದನ್ನು ಹಿಂದಿನ ಹೆಸರಿಗೆ ಅಂಟಿಸಿತು. ನೋಡಿ, ನನ್ನ ಕನ್ನಡ ಅಷ್ಟಕ್ಕಷ್ಟೇ ಎಂದು ನೀವು ಹೇಳಿಕೊಳ್ಳುವ ಆ ಕನ್ನಡಕ್ಕೂ ಕಚೇರಿಯಲ್ಲಿ ಬೆಲೆ ಇದೆ. ಆಸ್ಪತ್ರೆಯ ಪತ್ರ, ವಿಮೆಯ ಕಾಗದ, ಗಿರಾಕಿಗೆ ಕಳಿಸುವ ಸೂಚನೆ ಕನ್ನಡಕ್ಕೆ ಹೋಗಬೇಕಾದಾಗ ಯಂತ್ರದ ಅನುವಾದವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡುವವರು ಬೇಕು.

ಇನ್ನು ಜನರನ್ನು ಆರಿಸುವ ಕೆಲಸ. ಇದು ನಮಗೆ, ಅಂದರೆ ಉದ್ದನೆಯ ಹೆಸರಿನವರಿಗೆ, ಹತ್ತಿರದ ವಿಷಯ. ಅರ್ಜಿಗಳ ರಾಶಿಯನ್ನು ಸೋಸಲು, ಸಿವಿಗಳನ್ನು ನಾಲ್ಕು ಸಾಲಿಗೆ ಇಳಿಸಲು ಕಂಪನಿಗಳು ಎಐ ಬಳಸುತ್ತಿವೆ. ಹಳೆಯ ನೇಮಕಾತಿಗಳಿಂದ ಕಲಿತ ಯಂತ್ರ ಹಳೆಯ ಅಭ್ಯಾಸವನ್ನೂ ಕಲಿಯುತ್ತದೆ. ಈ ದೇಶ ಅದರ ಕಹಿಯನ್ನು ಆಗಲೇ ಉಂಡಿದೆ. ಮಕ್ಕಳ ಪಾಲನೆಯ ಸಹಾಯಧನದ ಹಗರಣ ನೀವು ಶಾಲೆಯಲ್ಲಿದ್ದಾಗಿನದು. ಆಗ ಇದ್ದದ್ದು ಇಂದಿನ ಬರೆಯುವ ಎಐ ಅಲ್ಲ, ಅಪಾಯಕ್ಕೆ ಅಂಕ ಕೊಡುವ ಬೇರೆ ಬಗೆಯ ವ್ಯವಸ್ಥೆ. ಆದರೆ ತೆರಿಗೆ ಇಲಾಖೆ ಅದರಲ್ಲಿ ರಾಷ್ಟ್ರೀಯತೆಯನ್ನೂ ಒಂದು ಸುಳಿವಾಗಿ ಬಳಸಿತ್ತು. ಸಾವಿರಾರು ತಂದೆತಾಯಂದಿರು ಮೋಸಗಾರರೆಂದು ಹಣೆಪಟ್ಟಿ ಹೊತ್ತು ಸಾಲದಲ್ಲಿ ಮುಳುಗಿದರು. 2021ರ ಜನವರಿ 15ರಂದು ರುಟ್ಟೆ ಸರ್ಕಾರ ರಾಜೀನಾಮೆ ಕೊಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೆರಿಗೆ ಇಲಾಖೆಗೆ 27 ಲಕ್ಷ 50 ಸಾವಿರ ಯೂರೋ ದಂಡ ಬಿತ್ತು. ದುಡ್ಡು ವಾಪಸ್ ಬರಬಹುದು, ಆ ವರ್ಷಗಳಲ್ಲಿ ಒಡೆದ ಸಂಸಾರಗಳಿಗೆ ಏನು ಹೇಳುವುದು?

ಹಾಗಾಗಿಯೇ ಯುರೋಪಿನ ಎಐ ಕಾಯ್ದೆ ನೇಮಕಾತಿಯ ಎಐಯನ್ನು ಹೆಚ್ಚು ಅಪಾಯದ ಸಾಲಿಗೆ ಸೇರಿಸಿದೆ. ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂದರೂ ಕಂತುಕಂತಾಗಿ ಅನ್ವಯವಾಗುತ್ತಿದೆ. 2025ರ ಫೆಬ್ರವರಿ 2ರಿಂದ ಕೆಲವು ಬಳಕೆಗಳು ಪೂರ್ತಿ ನಿಷಿದ್ಧ. ಕೆಲಸದ ಜಾಗದಲ್ಲಿ ನಿಮ್ಮ ಮುಖ ನೋಡಿ ಭಾವನೆ ಅಳೆಯುವ ಯಂತ್ರ ಅದರಲ್ಲಿ ಒಂದು, ವೈದ್ಯಕೀಯ ಅಥವಾ ಸುರಕ್ಷತೆಯ ಕಾರಣ ಬಿಟ್ಟರೆ. ನಿಷಿದ್ಧವಾದದ್ದನ್ನು ಮಾಡಿದರೆ ದಂಡ 3.5 ಕೋಟಿ ಯೂರೋ ಅಥವಾ ವಹಿವಾಟಿನ ಶೇಕಡಾ 7ರವರೆಗೆ. ನೀವು ಮಾತಾಡುತ್ತಿರುವುದು ಯಂತ್ರದ ಜೊತೆ ಎಂದು ತಿಳಿಸಬೇಕು, ಡೀಪ್‌ಫೇಕ್ ಆದರೆ ಹಾಗೆಂದು ಗುರುತು ಹಾಕಬೇಕು ಎಂಬ ನಿಯಮಗಳಿಗೆ ಕಾಯ್ದೆ ಇಟ್ಟ ದಿನ 2026ರ ಆಗಸ್ಟ್ 2. ಹೆಚ್ಚು ಅಪಾಯದ ಬಳಕೆಗಳ ನಿಯಮವನ್ನು ಮುಂದೂಡಬೇಕೆಂದು ಯುರೋಪಿಯನ್ ಆಯೋಗವೇ 2025ರ ನವೆಂಬರ್‌ನಲ್ಲಿ ಪ್ರಸ್ತಾಪ ಇಟ್ಟಿತು. ಹಾಗಾಗಿ ದಿನಾಂಕಗಳನ್ನು ಬಾಯಿಪಾಠ ಮಾಡಬೇಡಿ. ಜಿಡಿಪಿಆರ್ ಮಾತ್ರ ಯಾರಿಗೂ ಕಾಯುತ್ತಿಲ್ಲ, ಅದು 2018ರಿಂದ ಇದೆ. ಮನುಷ್ಯರ ಕೈಯೇ ತಾಗದೆ ಯಂತ್ರವೊಂದೇ ನಿಮ್ಮ ಅರ್ಜಿಯನ್ನು ತಳ್ಳಿಹಾಕಿದರೆ ಪ್ರಶ್ನಿಸುವ ಹಕ್ಕು ಅದರಲ್ಲೇ ಇದೆ.

ಹುಸಿ ದನಿ, ಹುಸಿ ಮುಖದ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಹಣ ಹೂಡಿ ಎಂದು ಕರೆಯುವ ಡೀಪ್‌ಫೇಕ್ ವಿಡಿಯೋಗಳು ಓಡಾಡಿ, ಅವು ತನ್ನವಲ್ಲ ಎಂದು 2023ರ ಡಿಸೆಂಬರ್‌ನಲ್ಲಿ ಅವರೇ ಹೇಳಬೇಕಾಯಿತು. ಅರಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ನೌಕರರೊಬ್ಬರು 2024ರಲ್ಲಿ ವಿಡಿಯೋ ಸಭೆಯಲ್ಲಿ ಮೇಲಧಿಕಾರಿಗಳನ್ನೇ ಕಂಡು ಹಣ ವರ್ಗಾಯಿಸಿದರು. ಕಂಡವರು ಯಾರೂ ನಿಜವಾಗಿ ಅಲ್ಲಿರಲಿಲ್ಲ, ಹೋದ ಹಣ ಸುಮಾರು 2.5 ಕೋಟಿ ಡಾಲರ್. ಕಚೇರಿಯಲ್ಲಿ ತುರ್ತು ಪಾವತಿ ಎಂಬ ಕರೆ ಬಂದರೆ ಇಟ್ಟುಬಿಡಿ, ನಿಮಗೆ ಮೊದಲೇ ಗೊತ್ತಿರುವ ನಂಬರಿಗೆ ನೀವೇ ತಿರುಗಿ ಮಾಡಿ. ಊರಲ್ಲಿರುವ ನಿಮ್ಮ ತಾತನಿಗೂ ಇದೇ ಹೇಳಿಕೊಡಿ.

ಕೊನೆಗೆ ಒಂದು ವಿಷಯ, ಅದಕ್ಕೆ ಯಾವ ಕಾಯ್ದೆಯೂ ಇಲ್ಲ. ಹೊಸಬರು ಕೆಲಸ ಕಲಿಯುತ್ತಿದ್ದದ್ದು ಬೇಸರದ ಕೆಲಸಗಳಿಂದ. ಸಭೆಯ ಟಿಪ್ಪಣಿ, ಮೊದಲ ಕರಡು, ಸಣ್ಣ ಪರೀಕ್ಷೆಯ ಕೋಡ್. ಈಗ ಅವೆಲ್ಲ ಯಂತ್ರಕ್ಕೆ ಹೋಗುತ್ತಿವೆ. ಕಂಪನಿಗೆ ಈ ವರ್ಷ ಉಳಿತಾಯ. ಆದರೆ ಹತ್ತು ವರ್ಷ ಬಿಟ್ಟು ಯಂತ್ರದ ತಪ್ಪನ್ನು ಹಿಡಿಯಬೇಕಾದವರು ಯಾರು? ನನ್ನ ಹೆಂಡತಿ ಇಂಗಿನ ಹತ್ತಿರ ತಡೆದು ನಿಂತದ್ದು ಸಾವಿರ ಸಲ ಒಗ್ಗರಣೆ ಹಾಕಿದ್ದರಿಂದ. ನಮ್ಮ ಮಗಳು ಒಂದು ಸಲವೂ ಹಾಕಿಲ್ಲ. ಇದನ್ನು ಕಂಪನಿಗಳಿಗೆ ಯಾರು ಹೇಗೆ ತಿಳಿಸಿ ಹೇಳಬೇಕೋ ನನಗೆ ಹೊಳೆಯುತ್ತಿಲ್ಲ. 50 ಅಥವಾ ಹೆಚ್ಚು ಜನರಿರುವ ಕಂಪನಿಗಳಲ್ಲಿ ನೌಕರರ ಮಂಡಳಿ ಇರಬೇಕು, ಮುಖ್ಯವಾದ ಹೊಸ ತಂತ್ರಜ್ಞಾನ ತರುವಾಗ ಅದರ ಅಭಿಪ್ರಾಯ ಕೇಳಬೇಕು ಎಂದು ಇಲ್ಲಿನ ಕಾನೂನು ಹೇಳುತ್ತದೆ. ನಮ್ಮವರು ಆ ಮಂಡಳಿಗೆ ನಿಲ್ಲುವುದು ಬಹಳ ಕಡಿಮೆ. ನೀವು ನಿಲ್ಲಬಹುದು, ಡಚ್ ನಿಮ್ಮ ಸ್ವಂತ ಭಾಷೆ.

ಅಲ್ಲಿಯವರೆಗೆ, ಸ್ಟಾಝ್‌ನ ಮೊದಲ ದಿನವೇ ಕೇಳಿ: ಇಲ್ಲಿ ಯಾವ ಎಐ ಬಳಸಬಹುದು, ಯಾವ ಖಾತೆಯಲ್ಲಿ, ಏನನ್ನು ಹಾಕಬಾರದು, ತಪ್ಪಿ ಹಾಕಿದರೆ ಯಾರಿಗೆ ಹೇಳಬೇಕು? ಇದನ್ನು ಕೇಳಿದರೆ ದಡ್ಡರೆಂದುಕೊಳ್ಳುತ್ತಾರೆ ಎಂಬ ಅಂಜಿಕೆ ಬೇಡ. ಎಷ್ಟೋ ಸಣ್ಣ ಕಂಪನಿಗಳಲ್ಲಿ ಆ ಪ್ರಶ್ನೆಗೆ ಉತ್ತರವೇ ಬರೆದಿಟ್ಟಿರುವುದಿಲ್ಲ, ನೀವು ಕೇಳಿದ ಮೇಲೆ ಬರೆಯುತ್ತಾರೆ.

ನಮ್ಮ ಮನೆಯ ಮೆನು ಏನಾಯಿತು ಎಂದರೆ, ಮಗಳು ಈಗಲೂ ಚಾಟ್‌ಬಾಟ್‌ನಿಂದಲೇ ಡಚ್ ಬರೆಸುತ್ತಾಳೆ. ಆದರೆ ಮೊದಲು ಅಡುಗೆಮನೆಗೆ ಹೋಗಿ ಒಂದೊಂದು ಡಬ್ಬಿಯ ಹಿಂಬದಿಯ ಫೋಟೋ ತೆಗೆಯುತ್ತಾಳೆ. ಕಾರ್ಡ್ ಅಚ್ಚಾಗುವ ಮುಂಚೆ ಅಮ್ಮ ಓದಿ ಸಹಿ ಹಾಕಬೇಕು, ಅದು ಮಗಳೇ ಮಾಡಿದ ನಿಯಮ. ಯುಗಾದಿಯ ಆರ್ಡರ್‌ಗೆ ಗೋಧಿ ಬೆರೆಸದ, ಅಕ್ಕಿ ಹಿಟ್ಟಿನ ಇಂಗನ್ನು ಹುಡುಕಿ ತರಿಸಿದ್ದೇವೆ. ಆ ಡಚ್ ಹೆಂಗಸನ್ನು ಊಟಕ್ಕೆ ಕರೆದಿದ್ದೇವೆ. ಬರುತ್ತೇನೆ ಎಂದಿದ್ದಾರೆ, ಡಬ್ಬಿಯನ್ನು ನಾನೇ ನೋಡುತ್ತೇನೆ ಎಂದೂ ಸೇರಿಸಿದ್ದಾರೆ.